ಸೂರಿನ ಧರ್ಮ

ತರುಣ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ಬರೆದ, 1884ರಲ್ಲಿ ಪ್ರಕಟವಾದ ‘ಪ್ರಕೃತಿರ್ ಪ್ರತಿಶೋಧ’ ನಾಟಕದ ಸನ್ಯಾಸಿ ಲೋಕದ ನಂಟನ್ನೆಲ್ಲ ಕಡಿದು ಪ್ರಕೃತಿಯನ್ನು ಗೆಲ್ಲಲು ಹೊರಡುತ್ತಾನೆ. ಪುಟ್ಟ ಅನಾಥೆಯೊಬ್ಬಳ ಮೇಲಿನ ಮಮತೆ ಅವನನ್ನು ಮತ್ತೆ ಲೋಕಕ್ಕೆ ಎಳೆಯುತ್ತದೆ. ಕಾರವಾರ, ಅಂಕೋಲೆಗಳಲ್ಲಿ ಇಂದು ಏಳುವ ಎಷ್ಟೋ ಮನೆಗಳಲ್ಲೂ ಪ್ರಕೃತಿಯನ್ನು ಗೆಲ್ಲಬಹುದೆಂಬ ಆ ಸನ್ಯಾಸಿಯ ಭ್ರಮೆಯೇ ಇದೆ. ಬಿಸಿಲು ಹೀರುವ ಬೋಳು ಸ್ಲ್ಯಾಬು, ಮಳೆಗೆ ಮುಖವೊಡ್ಡಿದ ಗೋಡೆ, ತೆರೆಯದ ಗಾಜಿನ ಕಿಟಕಿ, ಇವೆಲ್ಲದರ ತಪ್ಪನ್ನು ತಿದ್ದಲು ಏಸಿ. ಆದರೆ ಏಸಿ ಸೆಕೆಯನ್ನು ಅಳಿಸುವುದಿಲ್ಲ, ಪಕ್ಕದ ಓಣಿಗೆ ದಾಟಿಸುತ್ತದೆ. ನನ್ನ ತಂಪು ನೆರೆಯವನ ಬೇಗೆಯಾಗುವುದಾದರೆ, ಮನೆ ಕಟ್ಟುವುದು ಧರ್ಮದ ಪ್ರಶ್ನೆಯೇ ಸರಿ.

ಹಳೆಯ ಮನೆಗಳು ಕತ್ತಲು, ಗೆದ್ದಲು, ಮಡಿ-ಮೈಲಿಗೆಯ ಗೂಡುಗಳಾಗಿದ್ದವು ಎಂಬ ಆಕ್ಷೇಪ ನಿಜವೇ. ಉಳಿಸಬೇಕಾದದ್ದು ಆ ಕಟ್ಟಳೆಗಳನ್ನಲ್ಲ, ಅವುಗಳ ಜೊತೆಗಿದ್ದ ವಿವೇಕವನ್ನು. ಕರಾವಳಿಯಲ್ಲಿ ಕಾಡುವುದು ಬರೀ ಬಿಸಿಲಲ್ಲ, ಆರದ ಬೆವರು. ಅದಕ್ಕೆ ಮದ್ದು ಗಾಳಿಯ ಓಡಾಟ. ಇಳಿಜಾರು ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಮೇಲೇರಿ ಹೋಗುತ್ತದೆ; ಗೋಡೆಯಿಂದಾಚೆ ಚಾಚಿದ ಸೂರು ಚಿರೆಕಲ್ಲನ್ನು ಮಳೆಯಿಂದ ಕಾಯುತ್ತದೆ, ಜಗಲಿಗೆ ನೆರಳಾಗುತ್ತದೆ. ಕಾಂಕ್ರೀಟಿನ ಮನೆಗೂ ಅಗಲ ಸಜ್ಜಾ, ಎದುರುಬದುರು ಕಿಟಕಿ, ಸ್ಲ್ಯಾಬಿನ ಮೇಲೊಂದು ಹೆಂಚಿನ ಮಾಡು ಸಾಧ್ಯ. ಇರುಳ ಸೆಕೆಯಲ್ಲಿ ಬಳಲುವ ವೃದ್ಧರಿಗೆ, ರೋಗಿಗಳಿಗೆ ಏಸಿ ಬೇಡವೆನ್ನುವುದು ಕ್ರೌರ್ಯ. ಆದರೆ ಆಸರೆಯಾಗಬೇಕಾದದ್ದು ಅಡಿಪಾಯವಾಗಬಾರದು. ಇದೇ ಅಪರಿಗ್ರಹ, ಅಗತ್ಯ ಮೀರಿ ಪಡೆಯದಿರುವ ಧರ್ಮ; ಅದು ಸುಖದ ನಿರಾಕರಣೆಯಲ್ಲ. ಗಾಳಿ ಪುಕ್ಕಟೆ ಕೊಡುವ ತಂಪನ್ನು ತಡೆಯದಿರುವುದು, ಅದನ್ನೇ ಇನ್ನೊಬ್ಬರ ಪಾಲಿನಿಂದ ಕಸಿಯದಿರುವುದು.