ಗೋಡೆಯ ಮೇಲಿನ ಸಣ್ಣ ಕೋಣೆ
ಯೌವನಸ್ಥರ ಕೂಟದ ಸಂದೇಶ. ವಾಕ್ಯಭಾಗ: 2 ಅರಸುಗಳು 4:8-37

ಕೂತ್ಕೊಳ್ಳಿ. ಬೈಬಲ್ ತೆಗೀರಿ. ಮೊಬೈಲ್‌ನಲ್ಲಿ ಓದಿದ್ರೂ ಪರವಾಗಿಲ್ಲ, ನೋಟಿಫಿಕೇಶನ್ ಮಾತ್ರ ಆಫ್ ಮಾಡ್ಕೊಳ್ಳಿ. ಎರಡನೆಯ ಅರಸುಗಳು, ನಾಲ್ಕನೇ ಅಧ್ಯಾಯ, 8ನೇ ವಚನದಿಂದ.

ಈ ತಿಂಗಳು ನಾವು ಮನಸ್ಸಿನ ಆರೋಗ್ಯದ ಬಗ್ಗೆ ಧ್ಯಾನ ಮಾಡ್ತಾ ಇದ್ದೀವಿ. ಇವತ್ತು ಮನೆಯ ಬಗ್ಗೆ ಮಾತಾಡಬೇಕು ಅಂತ ಕರ್ತನು ನನ್ನ ಹೃದಯದಲ್ಲಿ ಭಾರ ಇಟ್ಟಿದ್ದಾನೆ. ಪರಲೋಕದ ಮನೆ ಅಲ್ಲ, ಅದು ಇನ್ನೊಂದು ದಿನಕ್ಕೆ. ನೀವು ಬಾಡಿಗೆ ಕೊಡೋ ಮನೆ. ಮಾರತ್‌ಹಳ್ಳಿಯ ತ್ರೀ ಶೇರಿಂಗ್ ಪಿಜಿ, ಬಿಟಿಎಂನ ಒನ್ ಬಿಎಚ್‌ಕೆ, ಇಲ್ಲಾ ಅಪ್ಪ ಅಮ್ಮ ಅಜ್ಜಿ ತಮ್ಮ ಎಲ್ಲರೂ ಇರೋ ಎರಡು ಕೋಣೆಯ ಮನೆ. ಮಂಚ, ಬಲ್ಬು, ಕುರ್ಚಿ ಬಗ್ಗೆ ಪ್ರಸಂಗ ಮಾಡ್ತಾರಾ ಅಂತ ಕೆಲವರು ನಗ್ತಾ ಇದ್ದೀರ. ಸತ್ಯವೇದವೇ ಮಾಡುತ್ತೆ, ನಾನೇನು ಮಾಡ್ಲಿ?

ಶೂನೇಮ್ ಅನ್ನೋದು ಇಜ್ರೇಲ್ ಕಣಿವೆಯ ಒಂದು ಊರು. ಅಲ್ಲಿ ಒಬ್ಬ ಅನುಕೂಲಸ್ಥ ಹೆಂಗಸು. ಆಕೆಯ ಹೆಸರನ್ನ ಬೈಬಲ್ ಹೇಳಲ್ಲ. ಪ್ರವಾದಿ ಎಲೀಷ ಆ ದಾರಿಯಲ್ಲಿ ಓಡಾಡ್ತಿದ್ದ. ಆಕೆ ಮೊದಲು ಬಲವಂತ ಮಾಡಿ ಊಟಕ್ಕೆ ಕರೆದಳು. ಆಮೇಲೆ ಆ ಕಡೆ ಬಂದಾಗೆಲ್ಲ ಅವನು ಅಲ್ಲೇ ಊಟ ಮಾಡೋದು ರೂಢಿ ಆಯ್ತು. ಒಂದು ದಿನ ಆಕೆ ಗಂಡನಿಗೆ ಹೇಳ್ತಾಳೆ: ಈತ ದೇವರ ಮನುಷ್ಯ ಅಂತ ನನಗೆ ಗೊತ್ತು, ಮಾಳಿಗೆ ಮೇಲೆ ಇವನಿಗೊಂದು ಸಣ್ಣ ಕೋಣೆ ಕಟ್ಟಿಸೋಣ, ಅದರಲ್ಲಿ ಮಂಚ, ಮೇಜು, ಕುರ್ಚಿ, ದೀಪಸ್ತಂಭ ಇಡೋಣ.

ಆ ನಾಲ್ಕು ವಸ್ತುಗಳನ್ನ ಪವಿತ್ರಾತ್ಮನು ಒಂದೊಂದಾಗಿ ಬರೆಸಿದ್ದಾನೆ. ಬೈಬಲ್ ಕಾಲೇಜಿನಲ್ಲಿ ಒಂದು ವಿಷಯ ಕಲಿಸಿದ್ರು, ಮರೆತಿಲ್ಲ. ಇಲ್ಲಿ ದೀಪಕ್ಕೆ ಇರೋ ಹೀಬ್ರೂ ಪದ ಮೆನೋರಾ. ದೇವದರ್ಶನ ಗುಡಾರದ ದೀಪಸ್ತಂಭಕ್ಕೂ ಅದೇ ಪದ. ಕುರ್ಚಿಗೆ ಇರೋ ಪದ ಕಿಸ್ಸೆ, ಅರಸನ ಸಿಂಹಾಸನಕ್ಕೂ ಅದೇ. ಇದರ ಮೇಲೆ ದೊಡ್ಡ ಪ್ರಕಟನೆ ಕಟ್ಟೋಕೆ ನಾನು ಹೋಗಲ್ಲ, ಅದು ದಿನಬಳಕೆಯ ಪದವೂ ಹೌದು. ಆದ್ರೆ ನನಗೆ ಇಷ್ಟ ಆಗೋದು ಏನಂದ್ರೆ, ಗುಡಾರದ ವಸ್ತುವಿಗೆ ಒಂದು ಪದ, ಮನೆಯ ವಸ್ತುವಿಗೆ ಇನ್ನೊಂದು ಪದ ಅಂತ ಸತ್ಯವೇದ ಇಲ್ಲಿ ಬೇರೆ ಮಾಡಲಿಲ್ಲ.

ಆ ಕೋಣೆಯಲ್ಲಿ ಏನಿಲ್ಲ ಅಂತಾನೂ ನೋಡಿ. ಆಕೆ ಹಣವಂತೆ, ಇನ್ನೂ ಹತ್ತು ಸಾಮಾನು ತುಂಬಬಹುದಿತ್ತು. ತುಂಬಲಿಲ್ಲ. ನಡೆದು ದಣಿದು ಬಂದವನಿಗೆ ಏನು ಬೇಕು ಅಂತ ಯೋಚನೆ ಮಾಡಿದಳು, ಅಷ್ಟೇ ಇಟ್ಟಳು. ಇವತ್ತು ನಾವು ರೀಲ್ಸ್ ನೋಡಿ ಮನೆ ಜೋಡಿಸ್ತೀವಿ. ಫೇರಿ ಲೈಟ್, ಸುಗಂಧದ ಕ್ಯಾಂಡಲ್, ಮ್ಯಾಕ್ರಮೆ. ತಪ್ಪಲ್ಲ, ನಮ್ಮ ಮನೆಯಲ್ಲೂ ಒಂದು ಕ್ಯಾಂಡಲ್ ಇದೆ. ಆದ್ರೆ ನೆಮ್ಮದಿ ಆನ್‌ಲೈನ್ ಕಾರ್ಟ್‌ನಲ್ಲಿ ಬರಲ್ಲ. ಸೋಫಾದ ಇಎಂಐ ಕಟ್ಟೋಕೆ ವೀಕೆಂಡೂ ಕೆಲಸ ಮಾಡ್ತಿದ್ರೆ, ಆ ಸೋಫಾ ಮೇಲೆ ಕೂರೋದು ಯಾವಾಗ? ಜ್ಞಾನೋಕ್ತಿ 17:1 ಮನೆಗೆ ಹೋಗಿ ಓದಿ. ಜಗಳ ತುಂಬಿದ ಮನೆಯ ಹಬ್ಬದೂಟಕ್ಕಿಂತ ಸಮಾಧಾನದ ಒಣ ತುತ್ತು ಮೇಲು ಅಂತ ಸೊಲೊಮೋನ ಹೇಳ್ತಾನೆ. ಅಷ್ಟು ದೊಡ್ಡ ಅರಮನೆ ಇದ್ದವನು!

ಈಗ 11ನೇ ವಚನ. ಎಲೀಷ ಬಂದ, ಆ ಕೋಣೆಗೆ ಹೋದ, ಮಲಗಿದ. ಅಷ್ಟೇ! ಆ ಕೋಣೆಯಲ್ಲಿ ಮೊದಲು ನಡೆದದ್ದು ಅಂತ ಬೈಬಲ್ ಬರೆದಿಟ್ಟಿರೋದು ಇಡೀ ರಾತ್ರಿಯ ಪ್ರಾರ್ಥನೆ ಅಲ್ಲ, ಪ್ರವಾದಿ ಮಲಗಿದ್ದು. ಹಲ್ಲೆಲೂಯಾ ಹೇಳಿ. ಮೆಲ್ಲಗೆ ಹೇಳಿ, ಮಲಗಿದ್ದಾನೆ.

ಅವನ ಗುರು ಎಲೀಯನಿಗೆ ಇಂಥ ಕೋಣೆ ಇರಲಿಲ್ಲ. 1 ಅರಸುಗಳು 19. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದ ಮನುಷ್ಯ, ಈಜೆಬೆಲಳ ಬೆದರಿಕೆ ಕೇಳಿ ಓಡ್ತಾನೆ. ಬೇರ್ಷೆಬದಲ್ಲಿ ಸೇವಕನನ್ನ ಬಿಟ್ಟು ಅಡವಿಗೆ ಒಬ್ಬನೇ ಹೋಗ್ತಾನೆ. ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಅಂತ ಕೇಳ್ತಾನೆ. ದೇವರು ಗದರಿಸಿದನಾ? ನಿನ್ನ ಅಭಿಷೇಕ ಎಲ್ಲಿ ಹೋಯ್ತು ಅಂದನಾ? ಇಲ್ಲ. ಮಲಗೋಕೆ ಬಿಟ್ಟ. ದೂತನ ಕೈಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಇನ್ನೊಂದು ಸಲ ಎಬ್ಬಿಸಿ ಊಟ ಕೊಟ್ಟ. ಇಲ್ಲೇನು ಮಾಡ್ತಾ ಇದ್ದೀಯ ಅಂತ ದೇವರು ಕೇಳಿದ್ದು 40 ಹಗಲು 40 ರಾತ್ರಿ ನಡೆದು ಹೋರೇಬಿಗೆ ಹೋದ ಮೇಲೆ. ಮೊದಲು ನಿದ್ರೆ, ಊಟ, ನೀರು. ಪ್ರಶ್ನೆ ಆಮೇಲೆ. ನಿಮ್ಮ ರೂಂಮೇಟ್ ಕುಗ್ಗಿ ಕೂತಿರುವಾಗ ನೀವು ಯಾವ ಕ್ರಮದಲ್ಲಿ ಶುರು ಮಾಡ್ತೀರ? ಮೊದಲು ಒಂದು ಪ್ಲೇಟ್ ಅನ್ನ ಸಾರು ಕೊಡಿ.

ಮಂಚದ ವಿಷಯಕ್ಕೆ ಬರ್ತೀನಿ. ಪಿಜಿಯಲ್ಲಿ ಇರೋರಿಗೆ ಮಂಚವೇ ಮನೆ. ಅದರ ಮೇಲೇ ಲ್ಯಾಪ್‌ಟಾಪ್, ಅದರ ಮೇಲೇ ಊಟ, ಅದರ ಮೇಲೇ ರಾತ್ರಿ 1 ಗಂಟೆವರೆಗೂ ಸೀರಿಸ್. ಹಾಸಿಗೆ ಮೇಲೆ ಆಫೀಸ್ ಕಾಲ್ ಮಾಡಿ ಮಾಡಿ, ತಲೆಗೆ ಹಾಸಿಗೆ ಅಂದ್ರೆ ಕೆಲಸ ಅಂತ ಅಭ್ಯಾಸ ಆಗಿಬಿಡುತ್ತೆ. ಮಲಗಿದ ತಕ್ಷಣ ಮನಸ್ಸು ಎದ್ದು ಕೂರುತ್ತೆ. ಅದಕ್ಕೇ ನಿದ್ರೆ ಬಾರದವರಿಗೆ ಡಾಕ್ಟರುಗಳು ಹೇಳೋ ಮೊದಲ ಮಾತುಗಳಲ್ಲಿ ಒಂದು, ಹಾಸಿಗೆಯನ್ನ ನಿದ್ರೆಗೆ ಮಾತ್ರ ಬಿಡಿ. ಜಾಗ ಇಲ್ಲವಾ? ನೆಲದ ಮೇಲೆ ಚಾಪೆ ಹಾಕಿ ಕೆಲಸ ಮಾಡಿ. ಮೇಲಿನ ಬೆಡ್‌ಶೀಟ್ ಹಗಲಿಗೊಂದು ರಾತ್ರಿಗೊಂದು ಮಾಡ್ಕೊಳ್ಳಿ. ಫೋನ್ ಕೈಗೆ ಎಟುಕದ ಕಡೆ ಚಾರ್ಜಿಗೆ ಹಾಕಿ. ಅಲಾರಂ ಬೇಕು ಪಾಸ್ಟರ್ ಅಂತೀರ. ಸಣ್ಣ ಅಲಾರಂ ಗಡಿಯಾರ ಇನ್ನೂ ಮಾರ್ತಾರೆ, ನೋಡಿದ್ದೀನಿ.

ಯೇಸು ಸ್ವಾಮಿ ದೋಣಿಯಲ್ಲಿ ಮಲಗಿದ್ದನ್ನ ಮೂರು ಸುವಾರ್ತೆಗಳು ಹೇಳ್ತವೆ. ದಿಂಬಿಗೆ ತಲೆಕೊಟ್ಟು ಮಲಗಿದ್ದ ಅಂತ ಹೇಳೋದು ಮಾರ್ಕ ಒಬ್ಬನೇ. ಬಿರುಗಾಳಿಯಲ್ಲೂ ನಮ್ಮ ಕರ್ತನಿಗೆ ದಿಂಬು ಇತ್ತು.

ದೀಪ. ಆಕೆಯ ಕಾಲದ ದೀಪ ಅಂದ್ರೆ ಮಣ್ಣಿನ ಬಟ್ಟಲು, ಎಣ್ಣೆ, ಬತ್ತಿ. ಮಂದ ಬೆಳಕು. ನಮ್ಮ ಮನೆಗಳಲ್ಲಿ ರಾತ್ರಿ 11ಕ್ಕೂ ಆಪರೇಷನ್ ಥಿಯೇಟರ್ ಹಾಗೆ ಬಿಳಿ ಟ್ಯೂಬ್‌ಲೈಟ್. ಕಣ್ಣಿಗೆ ಆ ಬೆಳಕು ಬಿದ್ರೆ ಮೆದುಳು ಇನ್ನೂ ಹಗಲಿದೆ ಅಂದ್ಕೊಳ್ಳುತ್ತೆ, ನಿದ್ರೆ ತರೋ ಮೆಲಟೋನಿನ್ ತಡವಾಗಿ ಬರುತ್ತೆ. ಮಲಗೋ ಒಂದು ಗಂಟೆ ಮುಂಚೆ ಟ್ಯೂಬ್‌ಲೈಟ್ ಆರಿಸಿ, ಹಳದಿ ಬಣ್ಣದ ಒಂದು ಸಣ್ಣ ಬಲ್ಬ್ ಹಾಕಿ. ಬೆಳಿಗ್ಗೆ ಎದ್ದ ಕೂಡಲೇ ಪರದೆ ಸರಿಸಿ. ಕಿಟಕಿ ಎದುರು ಪಕ್ಕದ ಬಿಲ್ಡಿಂಗಿನ ಗೋಡೆ ಇದ್ರೆ ಟೆರೇಸಿಗೆ ಹೋಗಿ ಅಲ್ಲೇ ಪ್ರಾರ್ಥನೆ ಮಾಡಿ. ಬೆಳಗಿನ ಬೆಳಕು ದೇಹದ ಗಡಿಯಾರವನ್ನ ಸರಿಮಾಡುತ್ತೆ. ಆ ಬೆಳಕನ್ನ ಸೃಷ್ಟಿಸಿದವನು ಅದನ್ನ ಮೊದಲನೇ ದಿನವೇ ಮಾಡಿದ.

ಸದ್ದಿನ ಬಗ್ಗೆಯೂ ಹೇಳ್ಬೇಕು. ನಾವು ಪೆಂಟೆಕೋಸ್ಟ್‌ನವರು, ನಮ್ಮ ಮನೆಗಳಲ್ಲಿ ಸದ್ದು ಸ್ವಲ್ಪ ಜಾಸ್ತಿನೇ. ಬೆಳಿಗ್ಗೆ 5ಕ್ಕೆ ಸ್ಪೀಕರಿನಲ್ಲಿ ಆರಾಧನೆಯ ಹಾಡು, ಇಡೀ ಬೀದಿಗೆ ಸಾಕ್ಷಿ! ಸೌಲನ ಮನಸ್ಸು ಕಳವಳಗೊಂಡಾಗ ದಾವೀದ ಏನು ನುಡಿಸಿದ? ಕಿನ್ನರಿ, ಅದೂ ಕೈಯಿಂದ. ಸೌಲನಿಗೆ ಹಾಯಾಗ್ತಿತ್ತು ಅಂತ ಬರೆದಿದೆ. ಕುಗ್ಗಿದವರು ಮನೆಯಲ್ಲಿದ್ರೆ ವಾಲ್ಯೂಮ್ ಇಳಿಸಿ. ಪವಿತ್ರಾತ್ಮನಿಗೆ ಕಿವಿ ಚೆನ್ನಾಗಿ ಕೇಳುತ್ತೆ.

ಧರ್ಮೋಪದೇಶಕಾಂಡ 22:8. ಹೊಸ ಮನೆ ಕಟ್ಟಿದ್ರೆ ಮಾಳಿಗೆಗೆ ಗೋಡೆ ಕಟ್ಟು, ಯಾರಾದ್ರೂ ಬಿದ್ದು ಸತ್ತರೆ ಆ ರಕ್ತಾಪರಾಧ ನಿನ್ನ ಮನೆ ಮೇಲೆ ಬರದಿರಲಿ ಅಂತ ಮೋಶೆಯ ಧರ್ಮಶಾಸ್ತ್ರ. ಪ್ಯಾರಪೆಟ್ ಗೋಡೆ ದೇವರ ಆಜ್ಞೆ! ಮನೆಯಲ್ಲಿ ಒಬ್ಬರು ಸಾಯೋ ಮಾತಾಡ್ತಿದ್ರೆ, ಪ್ರಾರ್ಥನೆ ಮಾಡಿ, ಜೊತೆಗೆ ಮಾತ್ರೆಗಳನ್ನ ಬೀಗ ಹಾಕಿಡಿ, ಇಲಿ ಪಾಷಾಣ ಮನೆಯಿಂದ ಹೊರಗೆ ಹಾಕಿ, ಒಬ್ಬರನ್ನೇ ಬಿಡಬೇಡಿ. ಇದು ಅವಿಶ್ವಾಸ ಅಲ್ಲ. ಮಾಳಿಗೆಗೆ ಗೋಡೆ ಕಟ್ಟೋದು.

ಶೂನೇಮ್ಯಳ ಹತ್ತಿರ ವಾಪಸ್ ಹೋಗೋಣ. ಆಕೆಗೆ ಮಕ್ಕಳಿರಲಿಲ್ಲ, ದೇವರು ಮಗನನ್ನ ಕೊಟ್ಟ. ಹುಡುಗ ದೊಡ್ಡವನಾದ. ಕೊಯ್ಲಿನ ದಿನ ಹೊಲದಲ್ಲಿ, ಅಪ್ಪಾ ನನ್ನ ತಲೆ, ನನ್ನ ತಲೆ ಅಂದ. ಎತ್ಕೊಂಡು ಬಂದು ತಾಯಿಗೆ ಕೊಟ್ರು. ಮಧ್ಯಾಹ್ನದವರೆಗೂ ಆಕೆಯ ತೊಡೆ ಮೇಲಿದ್ದ. ಸತ್ತುಹೋದ.

ಆಕೆ ಮಗನನ್ನ ಎತ್ಕೊಂಡು ಎಲ್ಲಿಗೆ ಹೋದಳು? ಮೇಲಿನ ಆ ಕೋಣೆಗೆ. ಆ ಮಂಚದ ಮೇಲೆ ಮಲಗಿಸಿ ಬಾಗಿಲು ಮುಚ್ಚಿದಳು. ಬೇರೆಯವರ ದಣಿವಿಗೆ ಅಂತ ಕಟ್ಟಿಸಿದ ಕೋಣೆ ಆಕೆಯ ದುಃಖಕ್ಕೆ ಜಾಗ ಆಯ್ತು. ಆ ಕೋಣೆ ಸಾವನ್ನ ತಡೆಯಲಿಲ್ಲ, ಪ್ರಿಯರೇ. ಒಳ್ಳೆ ಬಲ್ಬು, ಒಳ್ಳೆ ಹಾಸಿಗೆ, ಬಾಲ್ಕನಿಯಲ್ಲಿ ತುಳಸಿ ಪುದೀನ, ಇವೆಲ್ಲ ಇದ್ದೂ ಡಿಪ್ರೆಶನ್ ಬರುತ್ತೆ. ಮನೆ ಔಷಧಿ ಅಂತ ನಾನು ಹೇಳ್ತಾ ಇಲ್ಲ. ಆದ್ರೆ ಆ ದಿನ ಬಂದಾಗ ಹೋಗೋಕೆ ಆಕೆಗೆ ಒಂದು ಬಾಗಿಲಿತ್ತು.

ಆಮೇಲೆ ಆಕೆ ಕರ್ಮೆಲಿಗೆ ಹೊರಟಳು. ಗಂಡ ಕೇಳಿದ, ಗೇಹಜಿ ಕೇಳಿದ. ಇಬ್ಬರಿಗೂ ಒಂದೇ ಉತ್ತರ: ಕ್ಷೇಮ. ನಮ್ಮ ಐ ಆಮ್ ಫೈನ್ ಇದ್ದ ಹಾಗೆ. ಎಲೀಷನ ಹತ್ತಿರ ಬಂದ ಮೇಲೆ ಮಾತ್ರ ಕಾಲು ಹಿಡ್ಕೊಂಡಳು. ಗೇಹಜಿ ತಳ್ಳೋಕೆ ಬಂದ. ನಮ್ಮ ಸಭೆಗಳಲ್ಲೂ ಗೇಹಜಿಗಳಿದ್ದಾರೆ. ನಿನಗೆ ವಿಶ್ವಾಸ ಕಡಿಮೆ ಸಿಸ್ಟರ್, ಅದು ದುರಾತ್ಮ ಬ್ರದರ್, ಮಾತ್ರೆ ಬಿಟ್ಟುಬಿಡಿ ಅಂತಾರೆ. ಎಲೀಷ ಏನಂದ? ಬಿಡು, ಆಕೆಯ ಮನಸ್ಸು ಬಹಳ ನೊಂದಿದೆ, ಕರ್ತನು ಇದನ್ನ ನನಗೆ ತಿಳಿಸಲಿಲ್ಲ. ಪ್ರವಾದಿಗೂ ಗೊತ್ತಾಗಲಿಲ್ಲ! ಆದ್ದರಿಂದ ನಿಮ್ಮೊಳಗೆ ಏನಿದೆ ಅಂತ ಪಾಸ್ಟರಿಗೆ ದರ್ಶನದಲ್ಲೇ ಗೊತ್ತಾಗಲಿ ಅಂತ ಕಾಯಬೇಡಿ. ಬಾಯಿಬಿಟ್ಟು ಹೇಳಿ. ನನಗೆ ಹೇಳಿ, ಕೇರ್ ಸೆಲ್ ಲೀಡರಿಗೆ ಹೇಳಿ, ಡಾಕ್ಟರಿಗೆ ಹೇಳಿ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. 2022ರಿಂದ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಈಗಲೇ ಬರ್ಕೊಳ್ಳಿ, ನಿಮಗೆ ಬೇಡವಾದ್ರೂ ಪಕ್ಕದವರಿಗೆ ಬೇಕಾಗಬಹುದು.

ಎಲೀಷ ಬಂದು ಬಾಗಿಲು ಮುಚ್ಚಿ ಪ್ರಾರ್ಥನೆ ಮಾಡಿದ. ಮನೆಯೊಳಗೆ ಅತ್ತಿಂದಿತ್ತ ಓಡಾಡಿದ. ಹುಡುಗ ಏಳು ಸಲ ಸೀನಿ ಕಣ್ಣು ಬಿಟ್ಟ. ದೇವರಿಗೆ ಮಹಿಮೆ! ಎಂಟನೇ ಅಧ್ಯಾಯದಲ್ಲಿ ಇದೇ ಹೆಂಗಸು ಬರಗಾಲಕ್ಕೆ ಮನೆ ಬಿಟ್ಟು ಏಳು ವರ್ಷ ಫಿಲಿಷ್ಟಿಯರ ದೇಶದಲ್ಲಿ ಪರದೇಶಿಯಾಗಿ ಇರ್ತಾಳೆ. ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟ್ ಮುಗಿಯೋ ನಿಮಗೆ ಆಕೆ ಗೊತ್ತಿರೋಳೇ. ಗೋಡೆಗೆ ಮೊಳೆ ಹೊಡೆಯೋಕೆ ಓನರ್ ಬಿಡಲ್ಲ ಅಂದ್ರೂ, ಇರೋಷ್ಟು ದಿನ ಅದನ್ನ ಮನೆ ಮಾಡ್ಕೊಳ್ಳಿ.

ಇನ್ನೊಂದು ಮಾತು, ಮುಗಿಸ್ತೀನಿ. ಇಷ್ಟೆಲ್ಲ ಕೇಳ್ತಾ ಕೆಲವರು ಮನಸ್ಸಿನಲ್ಲಿ ಅಳ್ತಾ ಇದ್ದೀರ. ಪಾಸ್ಟರ್, ನಮ್ಮ ಮನೆಯಲ್ಲಿ ಬಲ್ಬು ಬದಲಾಯಿಸಿದ್ರೆ ಏನು ಬಂತು, ರಾತ್ರಿ ಕುಡಿದು ಬಂದು ಹೊಡೀತಾರೆ. ದಾವೀದ ಕಿನ್ನರಿ ನುಡಿಸ್ತಿದ್ದ ಮನೆಯಲ್ಲೇ ಸೌಲ ಈಟಿ ಎಸೆದ. ದಾವೀದ ಇನ್ನೂ ಚೆನ್ನಾಗಿ ನುಡಿಸ್ತೀನಿ ಅಂತ ಕೂರಲಿಲ್ಲ, ತಪ್ಪಿಸ್ಕೊಂಡ. ಅದೇ ರಾತ್ರಿ ಮೀಕಲಳು ಅವನನ್ನ ಕಿಟಕಿಯಿಂದ ಕೆಳಗಿಳಿಸಿದಳು. ಈಟಿ ಬರೋ ಮನೆಯಿಂದ ಹೊರಗೆ ಬರೋದು ಪಾಪ ಅಲ್ಲ. ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಇದೆ. ಕೂಟ ಮುಗಿದ ಮೇಲೆ ನಾನೂ ನನ್ನ ಹೆಂಡತಿಯೂ ಹಿಂದಿನ ಕೋಣೆಯಲ್ಲಿ ಇರ್ತೀವಿ. ಬನ್ನಿ, ಯಾರಿಗೂ ಹೇಳಲ್ಲ.

ಎಲ್ಲರೂ ಎದ್ದು ನಿಲ್ಲೋಣ. ಕೀಬೋರ್ಡ್ ತಮ್ಮ, ಮೆಲ್ಲಗೆ ನುಡಿಸು. ಕಣ್ಣು ಮುಚ್ಚಿ. ತಂದೆಯೇ, ಇವತ್ತು ರಾತ್ರಿ ಈ ಮಕ್ಕಳು ಯಾವ ಯಾವ ಮಂಚಕ್ಕೆ ಹೋಗ್ತಾರೋ ನಿನಗೆ ಗೊತ್ತು. ಮೂರು ಜನರ ರೂಮಿನ ಮೂಲೆಯ ಮಂಚ ನಿನಗೆ ಗೊತ್ತು. ಅವರಿಗೆ ನಿದ್ರೆ ಕೊಡು ಕರ್ತನೇ. ಯೇಸುವಿನ ನಾಮದಲ್ಲಿ, ಆಮೆನ್.