ಕೈತೋಟದಲ್ಲಿ ಅಹಿಂಸೆಯ ಪ್ರಶ್ನೆ

ಸಾವಯವ ಕೈತೋಟವನ್ನು ಸಮರ್ಥಿಸುವವರು ಸಾಮಾನ್ಯವಾಗಿ ಆರೋಗ್ಯದ ಮಾತನ್ನೂ ಖರ್ಚಿನ ಮಾತನ್ನೂ ಮುಂದಿಡುತ್ತಾರಾದರೂ, ಕಾಸರಗೋಡಿನಂಥ ಜಿಲ್ಲೆಯಲ್ಲಿ ಆ ಸಮರ್ಥನೆಯ ತಳದಲ್ಲಿ ಧರ್ಮಕ್ಕೆ ಸೇರಿದ ಒಂದು ನಂಬಿಕೆಯೂ ಇದೆ. ಒಲೆಯ ಬೂದಿ, ಹುಳಿ ಮಜ್ಜಿಗೆ, ಗೋಮೂತ್ರ, ಬೇವಿನೆಣ್ಣೆ, ವಿನೆಗರ್ ಮುಂತಾದವು ಮನೆಬಳಕೆಯ ವಸ್ತುಗಳಾದ್ದರಿಂದ, ಅವುಗಳಿಂದ ಹುಳ ಸತ್ತರೂ ಕಳೆ ಒಣಗಿದರೂ ಅದನ್ನು ಹಿಂಸೆಯೆಂದು ಎಣಿಸಬೇಕಾಗಿಲ್ಲ ಎಂಬುದೇ ಆ ನಂಬಿಕೆ. ಭಾರತೀಯ ಚಿಂತನೆಯ ಯಾವ ಪ್ರಮುಖ ಧಾರೆಯೂ ಇಂಥ ಸುಲಭದ ವಿನಾಯಿತಿಯನ್ನು ಕೊಟ್ಟಿಲ್ಲ.

ಮನುಸ್ಮೃತಿಯು ಗೃಹಸ್ಥನ ಮನೆಯಲ್ಲಿ ಐದು ಕೊಲೆಯ ತಾಣಗಳನ್ನು ಗುರುತಿಸಿ ಅವುಗಳನ್ನು ಪಂಚಸೂನಾ ಎಂದು ಕರೆಯುತ್ತದೆ. ಒಲೆ, ಅರೆಯುವ ಕಲ್ಲು, ಪೊರಕೆ, ಒರಳು ಮತ್ತು ನೀರಿನ ಕೊಡ ಇವೇ ಆ ಐದು. ತೋಟಕ್ಕೆ ಬೂದಿಯನ್ನು ಒದಗಿಸುವ ಒಲೆಯೇ ಈ ಪಟ್ಟಿಯಲ್ಲಿದೆ. ಮಹಾಭಾರತದ ವನಪರ್ವದಲ್ಲಿ ಮಿಥಿಲೆಯ ಮಾಂಸದಂಗಡಿಯಲ್ಲಿ ಕುಳಿತ ಧರ್ಮವ್ಯಾಧನು, ತಪಸ್ಸಿನ ಅಹಂಕಾರದಿಂದ ಬಂದ ಕೌಶಿಕನಿಗೆ, ನೇಗಿಲು ಹೂಡಿದಾಗ ನೆಲದೊಳಗಿನ ಅಸಂಖ್ಯ ಜೀವಿಗಳು ಸಾಯುತ್ತವೆಂದೂ ಹಿಂಸೆಯ ಸೋಂಕಿಲ್ಲದೆ ಬದುಕುವವರು ಲೋಕದಲ್ಲಿ ಇಲ್ಲವೆಂದೂ ತಿಳಿಸುತ್ತಾನೆ. ಬಂಗ್ರ ಮಂಜೇಶ್ವರದ ಬಸದಿಗಳ ಮೂಲಕ ಈ ಜಿಲ್ಲೆಯಲ್ಲಿಯೂ ಗುರುತು ಉಳಿಸಿಕೊಂಡಿರುವ ಜೈನಧರ್ಮವು ಇನ್ನೂ ಸೂಕ್ಷ್ಮವಾಗಿ ವಿಂಗಡಿಸುತ್ತದೆ: ಮನೆಗೆಲಸದಲ್ಲಿ ಆಗುವುದು ಆರಂಭೀ ಹಿಂಸೆ, ಕಸುಬಿನಲ್ಲಿ ಆಗುವುದು ಉದ್ಯೋಗೀ, ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ, ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ, ಗೃಹಸ್ಥನು ಮೊದಲ ಮೂರನ್ನು ಆದಷ್ಟು ತಗ್ಗಿಸಬೇಕು, ನಾಲ್ಕನೆಯದನ್ನು ಪೂರ್ತಿ ಬಿಡಬೇಕು.

ವಸ್ತು ಶುದ್ಧವಾದ ಮಾತ್ರಕ್ಕೆ ಕೃತ್ಯ ಶುದ್ಧವಾಗದು ಎಂಬುದನ್ನು ಕನ್ನಡದಲ್ಲಿ ಜನ್ನನಷ್ಟು ಬಲವಾಗಿ ಹೇಳಿದವರು ವಿರಳ. ಸುಮಾರು 1209ರಲ್ಲಿ ರಚಿತವಾದ ಅವನ 'ಯಶೋಧರ ಚರಿತೆ'ಯಲ್ಲಿ, ಜೀವವಿರುವ ಪ್ರಾಣಿಯನ್ನು ಬಲಿ ಕೊಡಲು ಒಪ್ಪದ ರಾಜನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ, ಆ ಸಂಕಲ್ಪವೊಂದರ ಫಲವಾಗಿ ತಾಯಿಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಹಿಟ್ಟಿಗಿಂತ ನಿರುಪದ್ರವಿಯಾದ ಮನೆವಸ್ತು ಯಾವುದಿದೆ? ಹಾಗಿರುವಾಗ ಮಜ್ಜಿಗೆಯ ಅಥವಾ ಬೂದಿಯ ಸಾತ್ತ್ವಿಕತೆಯನ್ನು ತೋರಿಸಿ ಹುಳದ ಸಾವನ್ನು ಮರೆಸಲಾಗದು.

ಆದರೆ ಎಲ್ಲ ಬೇಸಾಯವೂ ಹಿಂಸೆಯೇ ಎಂದಮೇಲೆ ಯಾವ ಔಷಧಿಯಾದರೇನು ಎಂಬ ತೀರ್ಮಾನಕ್ಕೆ ಹಾರುವುದು ಇನ್ನೂ ದೊಡ್ಡ ತಪ್ಪು, ಮತ್ತು ಅದರ ಬೆಲೆಯನ್ನು ಕಾಸರಗೋಡು ತೆತ್ತಿದೆ. ಗೇರು ತೋಟಗಳಲ್ಲಿ ಚಿಗುರಿನ ರಸ ಹೀರುವ ಟೀ ಸೊಳ್ಳೆಯನ್ನು ಹತ್ತಿಕ್ಕಲು ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಗುಡ್ಡದ ಮೇಲಿನ ಗೇರು ತೋಟದಿಂದ ಕೆಳಗಿನ ತೋಡುಗಳಿಗೂ, ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗಗಳೆಂಬ ನೀರಿನ ಆಸರೆಗಳಿಗೂ ಹರಿದುಬರುವ ನೀರನ್ನು ಕುಡಿದವರು ಎಣ್ಮಕಜೆ, ಬೆಳ್ಳೂರು, ಮುಳಿಯಾರು ಮುಂತಾದ ಪಂಚಾಯತುಗಳ ಜನ. ಗೇರಿನ ಲಾಭದಲ್ಲಿ ಅವರಿಗೆ ಪಾಲಿರಲಿಲ್ಲ, ಸಿಂಪಡಣೆಯ ನಿರ್ಧಾರದಲ್ಲಿ ಮಾತೂ ಇರಲಿಲ್ಲ. ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆಯವರು ಪಡ್ರೆ-ಸ್ವರ್ಗ ಪ್ರದೇಶದ ಮಕ್ಕಳ ಅಂಗವೈಕಲ್ಯ ಮತ್ತು ಕಾಯಿಲೆಗಳ ಕಡೆಗೆ ಲೋಕದ ಗಮನ ಸೆಳೆದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ವಿಷವನ್ನು ದೇಶಾದ್ಯಂತ ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಧರ್ಮವ್ಯಾಧನ ಮಾತನ್ನು ಇಂಥ ಸಿಂಪಡಣೆಯ ಸಮರ್ಥನೆಗೆ ಎಳೆಯುವುದು ಅವನಿಗೇ ಮಾಡುವ ಅನ್ಯಾಯವಾದೀತು.

ಎರಡು ಹಿಂಸೆಗಳ ನಡುವಿನ ಅಂತರವನ್ನು ಕಾಣಬೇಕಾದರೆ ಅಲಸಂಡೆಯ ಒಂದು ಕುಡಿಯನ್ನು ಹತ್ತಿರದಿಂದ ನೋಡಬೇಕು. ಎಳೆಯ ತುದಿಯಲ್ಲಿ ಕಪ್ಪು ಹೇನುಗಳು ಒತ್ತೊತ್ತಾಗಿ ಅಂಟಿರುತ್ತವೆ, ಅವು ಸ್ರವಿಸುವ ಸಿಹಿಗಾಗಿ ಇರುವೆಗಳು ಸಾಲುಗಟ್ಟಿರುತ್ತವೆ, ನಡುವೆ ಮುಳ್ಳುಮುಳ್ಳಾದ ಬೂದುಬಣ್ಣದ ಒಂದು ಮರಿ ಹೇನುಗಳನ್ನು ಒಂದೊಂದಾಗಿ ತಿನ್ನುತ್ತಿರುತ್ತದೆ. ಅದು ಗುಲಗಂಜಿ ಹುಳುವಿನ ಮರಿ. ಇಬ್ಬನಿ ಆರುವ ಮುನ್ನ ಬೂದಿ ಎರಚಲು ಬಂದವರಿಗೆ ಈ ಮರಿ ಕಣ್ಣಿಗೆ ಬೀಳುತ್ತದೆ, ಆ ಕುಡಿಯನ್ನು ಬಿಟ್ಟು ಪಕ್ಕದ ಕುಡಿಗೆ ಹೋಗುವ ಅವಕಾಶ ಅವರಿಗಿರುತ್ತದೆ. ಒಂದು ಮಳೆ ಬಂದರೆ ಬೂದಿ ತೊಳೆದುಹೋಗಿ, ಅದರ ಪೊಟ್ಯಾಷ್ ಮತ್ತು ಸುಣ್ಣದ ಅಂಶ ಹುಳಿಗುಣದ ಮುರಮಣ್ಣಿಗೆ ಸೇರುತ್ತದೆ. ಹೇನು ಮತ್ತೆ ಬಂದರೆ ಮತ್ತೆ ಹತ್ತಿರ ಹೋಗಿ ನೋಡಲೇಬೇಕಾಗುತ್ತದೆ. ಮನೆಮದ್ದಿನ ಈ ದುರ್ಬಲತೆಯನ್ನು ಕೊರತೆಯೆಂದು ಹೇಳುವುದುಂಟು, ಆದರೆ ಅದರ ನೈತಿಕ ಬಲವೆಲ್ಲ ಇರುವುದು ಇಲ್ಲಿಯೇ: ಕೈ ತಲುಪಿದಷ್ಟೇ ದೂರ ಅದರ ಕೆಡುಕು ತಲುಪುತ್ತದೆ, ಮತ್ತು ಮಾಡಿದವರ ಅಂಗಳದಲ್ಲೇ ಮುಗಿಯುತ್ತದೆ.

ವಿನೆಗರನ್ನೂ ಇದೇ ಅಳತೆಯಿಂದ ಅಳೆಯಬೇಕು. ಅದರಲ್ಲಿರುವ ಅಸಿಟಿಕ್ ಆಮ್ಲ, ಅಡುಗೆಯ ವಿನೆಗರಿನಲ್ಲಿ ಸುಮಾರು ಶೇಕಡ 5, ಎಲೆಯ ಜೀವಕೋಶಗಳ ಪೊರೆಯನ್ನು ಒಡೆದು ಬಿಸಿಲಿನಲ್ಲಿ ಕಳೆಯನ್ನು ಬಾಡಿಸುತ್ತದೆ. ಬೇರು ಉಳಿದು ಗರಿಕೆಯಂಥದ್ದು ಮತ್ತೆ ಚಿಗುರುತ್ತದೆ, ಮಣ್ಣಿಗೆ ಬಿದ್ದ ಆಮ್ಲವನ್ನು ಸೂಕ್ಷ್ಮಜೀವಿಗಳು ಬೇಗ ಕರಗಿಸುತ್ತವೆ. ಆದರೆ ಅದಕ್ಕೆ ಕಳೆಯೂ ಬೆಂಡೆಯ ಸಸಿಯೂ ಒಂದೇ, ಆದ್ದರಿಂದ ಕಲ್ಲು ಹಾಸಿದ ಅಂಗಳದ ಸಂದಿಗೆ ಅದು ಸಲ್ಲುತ್ತದೆ, ತರಕಾರಿ ಸಾಲಿಗೆ ಸಲ್ಲುವುದಿಲ್ಲ. ಹೊಗೆಸೊಪ್ಪಿನ ಕಷಾಯವಂತೂ ಈ ಪರೀಕ್ಷೆಯಲ್ಲಿ ನಿಲ್ಲುವುದೇ ಇಲ್ಲ. ಗಿಡದಿಂದಲೇ ಬಂದದ್ದಾದರೂ ಅದರ ನಿಕೋಟಿನ್ ಜೇನುನೊಣವನ್ನೂ ಗುಲಗಂಜಿ ಹುಳುವನ್ನೂ ಹೇನಿನೊಂದಿಗೇ ಕೊಲ್ಲುತ್ತದೆ, ಸಿಂಪಡಿಸುವವರ ಚರ್ಮದ ಮೂಲಕ ರಕ್ತಕ್ಕೂ ಇಳಿಯುತ್ತದೆ. ಸಾವಯವವೆಂಬ ಹೆಸರಿನಲ್ಲಿ ಅದನ್ನು ಕೈತೋಟಕ್ಕೆ ತರುವುದು ಸಲ್ಲದು.