ಒಬ್ಬಳೇ ಅವ್ವನ ಮಕ್ಕಳು

ವಯಸ್ಸಾದಂತೆ, ಸ್ನಾಯುಕೋಶದೊಳಗಿದ್ದು ಅದಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಬದಲಾಗುವ ಬಗೆ ಹೆಂಗಸರಲ್ಲಿ ಒಂದು ತೆರ, ಗಂಡಸರಲ್ಲಿ ಇನ್ನೊಂದು ತೆರ. ಆದರೆ ಮೈಟೊಕಾಂಡ್ರಿಯಾದ ಸ್ವಂತ ಡಿಎನ್‌ಎ, ಅದರ 37 ಜೀನುಗಳ ಸಮೇತ, ಮಗನಿಗೂ ಮಗಳಿಗೂ ತಾಯಿಯಿಂದಲೇ ಬರುತ್ತದೆ. ಹಾಗಿದ್ದರೆ ಈ ವ್ಯತ್ಯಾಸದ ಮೂಲ ಯಾವುದು? ಶಿಗ್ಗಾವಿ ತಾಲ್ಲೂಕಿನ ದುಂಡಸಿಯಲ್ಲಿ ಅಕ್ಕ-ತಮ್ಮಂದಿರ ನಡುವೆ ನಡೆದ ಮಾತು ಇದರ ಬಗ್ಗೆಯೇ. ಅಕ್ಕ ಅರವತ್ತು ದಾಟಿದ ಮೇಲೂ ಹೊಲಕ್ಕೆ ಹೋಗುವವಳು. ತಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು.

“ಇಬ್ರಿಗೂ ಅವ್ವಂದ ಬಂದದ್ದು ಅಂತಿ. ಮತ್ತ ನನ್ನ ಮೈಯಾಗಿಂದಕ್ಕೂ ನಿನ್ನ ಮೈಯಾಗಿಂದಕ್ಕೂ ಫರಕು ಯಾಕ ಬಂತು?” ಎಂದು ಅಕ್ಕ ಕೇಳಿದಳು.

ಆ 37 ಜೀನುಗಳಷ್ಟರಿಂದಲೇ ಮೈಟೊಕಾಂಡ್ರಿಯಾ ನಡೆಯದು ಎಂಬುದು ತಮ್ಮನ ಉತ್ತರ. ಅದಕ್ಕೆ ಬೇಕಾದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳ ಜೀನುಗಳು ಕೋಶಕೇಂದ್ರದಲ್ಲಿವೆ. ಅವು ಎಷ್ಟು ದುಡಿಯಬೇಕು ಎಂಬಲ್ಲಿ ಹಾರ್ಮೋನುಗಳ ಮಾತೂ ನಡೆಯುತ್ತದೆ. ನಮ್ಮ ದೇಶದಲ್ಲಿ ಸರಾಸರಿ 46-47ರ ಆಸುಪಾಸಿಗೆ ಮುಟ್ಟು ನಿಂತು, ಹೆಣ್ಣಿನ ಮೈಯಲ್ಲಿ ಈಸ್ಟ್ರೊಜನ್ ಕೆಲವೇ ವರ್ಷಗಳಲ್ಲಿ ಕುಸಿಯುತ್ತದೆ. ಗಂಡಸಿನ ಟೆಸ್ಟೊಸ್ಟಿರಾನ್ ಇಳಿಯುವುದು ವರ್ಷಕ್ಕೆ ಸುಮಾರು ಶೇ. 1ರಂತೆ.

“ಅಂದ್ರ ನಮಗ ಒಮ್ಮೆಲೆ, ನಿಮಗ ಹಗೂರಕ.”

“ಹೌದು. ಆದ್ರ ಹೆಂಗಸರದ್ದ ಹೆಚ್ಚು ಕೆಡತೈತಿ ಅಂತ ಅಷ್ಟರ ಮ್ಯಾಲೇ ತೀರ್ಮಾನ ಮಾಡಾಕ ಬರೂದಿಲ್ಲ, ಅಕ್ಕಾ.”

ಇದಕ್ಕೆ ಅವನು ಕೊಟ್ಟ ಕಾರಣ ಗಟ್ಟಿಯಾದುದು. ಸರಾಸರಿಯಲ್ಲಿ ಗಂಡಸರಿಗೆ ಸ್ನಾಯು ಹೆಚ್ಚು. ಹೆಂಗಸರ ಸ್ನಾಯುವಿನಲ್ಲಿ ನಿಧಾನವಾಗಿ ಬಿಗಿಯುವ, ಬೇಗ ದಣಿಯದ ಎಳೆಗಳ ಪಾಲು ಹೆಚ್ಚು. ಬಹಳ ಹೊತ್ತಿನ ದುಡಿತದಲ್ಲಿ ಅವರು ಕೊಬ್ಬನ್ನು ಹೆಚ್ಚು ಉರಿಸುತ್ತಾರೆ. ಹೊರಟ ಜಾಗವೇ ಬೇರೆಯಾದಾಗ ಇಳಿದದ್ದನ್ನು ಹೋಲಿಸುವುದು ಸುಲಭವಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 18ರಿಂದ 89 ವರ್ಷದ 146 ಸ್ತ್ರೀಪುರುಷರ ಸ್ನಾಯುವನ್ನು ಪರೀಕ್ಷಿಸಿದ್ದರು. ವಯಸ್ಸು ಏರಿದಂತೆ ಮೈಟೊಕಾಂಡ್ರಿಯಾ ಕೋಶದ ಇಂಧನವಾದ ಎಟಿಪಿ ತಯಾರಿಸುವ ಶಕ್ತಿ ಕುಗ್ಗಿದ್ದು ಅದರಲ್ಲಿ ಕಂಡಿತು.

“ಅದನ್ನ ಎಲ್ಲಿ ಮಾಡಿದ್ದು?”

“ಅಮೆರಿಕದ ಮಿನ್ನೆಸೋಟದಾಗ.”

“ಅಲ್ಲಿ ಬಗ್ಗಿ ಕಸ ತಗಿಯಾವ್ರು ಯಾರಿದ್ರು? ಇಲ್ಲಿ ರಂಟಿ ಹೊಡಿಯೂದು ಟ್ರ್ಯಾಕ್ಟರಿಗೆ ಹೋತು, ಗಂಡಸರು ಕುಂತ್ರು. ಗೋವಿನಜೋಳದಾಗ ಕಸ ತಗಿಯೂದು, ಹತ್ತಿ ಬಿಡಿಸೂದು ನಮ್ಮ ಪಾಲಿಗೇ ಉಳೀತು. ಅರವತ್ತಕ್ಕ ನನ್ನ ತೊಡಿ ನೋಡಿದ್ರ ನೀವು ಅಳಿಯೂದು ಹೆಣ್ತನಾನೋ, ನಲವತ್ತು ವರ್ಷದ ದುಡಿತಾನೋ?”

ಇಡೀ ಚರ್ಚೆಯಲ್ಲಿ ಹೆಚ್ಚು ತೂಕದ ಪ್ರಶ್ನೆ ಇದು, ತಮ್ಮನೂ ಅದನ್ನು ತಳ್ಳಿಹಾಕಲಿಲ್ಲ. ದುಡಿತಕ್ಕೆ ಮೈಟೊಕಾಂಡ್ರಿಯಾ ಮುಪ್ಪಿನಲ್ಲೂ ಓಗೊಡುತ್ತದೆ: 2017ರ ಇನ್ನೊಂದು ಅಧ್ಯಯನದಲ್ಲಿ 12 ವಾರ ಬಿಟ್ಟು ಬಿಟ್ಟು ಬಿರುಸಾಗಿ ವ್ಯಾಯಾಮ ಮಾಡಿದ ಮೇಲೆ ಅದರ ಸಾಮರ್ಥ್ಯ ಎಳೆಯರಲ್ಲಿ ಶೇ. 49, ಹಿರಿಯರಲ್ಲಿ ಶೇ. 69ರಷ್ಟು ಏರಿತ್ತು. ಹಾಗೆಂದು ಎಲ್ಲವನ್ನೂ ದುಡಿತದ ಲೆಕ್ಕಕ್ಕೆ ಬರೆಯಲೂ ಆಗದು. ಪ್ರಯೋಗಾಲಯದಲ್ಲಿ ಎಲ್ಲ ಇಲಿಗಳಿಗೂ ಒಂದೇ ಬಗೆಯ ಪಂಜರ, ಒಂದೇ ಆಹಾರ. ಆದರೂ ಅಂಡಾಶಯ ತೆಗೆದ ಇಲಿಗಳ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಾದ ಕೆಲಸ ಕೆಡುತ್ತದೆ, ಈಸ್ಟ್ರಡಯಾಲ್ ಎಂಬ ಈಸ್ಟ್ರೊಜನ್ ಕೊಟ್ಟರೆ ಚೇತರಿಸಿಕೊಳ್ಳುತ್ತದೆ.

ತಾಯಿಯಿಂದ ಮಾತ್ರ ಬರುವುದಕ್ಕೂ ಒಂದು ಪರಿಣಾಮವಿದೆ ಎಂದು ತಮ್ಮ ಸೇರಿಸಿದ. ಗಂಡಿನ ಮೈಟೊಕಾಂಡ್ರಿಯಾ ಮುಂದಿನ ಪೀಳಿಗೆಗೆ ದಾಟುವುದಿಲ್ಲ. ಆದ್ದರಿಂದ ಗಂಡಿಗಷ್ಟೇ ಕೇಡು ಮಾಡುವ ದೋಷಗಳು ನಿಸರ್ಗದ ಜರಡಿಯಿಂದ ನುಸುಳಿ ಉಳಿಯಬಹುದು. 2012ರಲ್ಲಿ ಹಣ್ಣಿನ ನೊಣಗಳಲ್ಲಿ ಇದಕ್ಕೆ ಪುರಾವೆ ಸಿಕ್ಕಿತು: ತಾಯಿಯಿಂದ ಬಂದ ಈ ಡಿಎನ್‌ಎಯ ಭೇದಗಳು ಮುಪ್ಪಿನ ವೇಗವನ್ನು ಬದಲಿಸಿದ್ದು ಗಂಡುಗಳಲ್ಲಿ.

“ಹಂಗಾರ ನಮ್ಮೂರಾಗ ಇದನ್ನ ತಿಳಿಯೂದು ಹೆಂಗ?”

2017-18ರ ರಾಷ್ಟ್ರೀಯ ವೃದ್ಧಾಪ್ಯ ಸಮೀಕ್ಷೆ 45 ದಾಟಿದವರ ಕೈಹಿಡಿತದ ಬಲ ಅಳೆದಿತ್ತು. ಅದರಿಂದ ತಿಳಿಯುವುದು ಕೈಯ ಕಸುವು. ಕೋಶದ ಒಳಗನ್ನು ಕಾಣಲು ತೊಡೆಯಿಂದ ಸೂಜಿಯಲ್ಲಿ ಸ್ನಾಯುವಿನ ಚೂರು ತೆಗೆಯಬೇಕು.

“ಒಮ್ಮೆ ತಗದ್ರ ಆಗೂದಿಲ್ಲ ಬಿಡು. ಮುಟ್ಟು ನಿಲ್ಲೂಕಿಂತ ಮೊದಲೊಮ್ಮೆ, ನಿಂತ ಮ್ಯಾಲೊಮ್ಮೆ ಅದೇ ಹೆಣಮಗಳನ್ನ ನೋಡಬೇಕು. ನಡುವ ಆಕಿ ಏನು ಕೆಲಸ ಮಾಡಿದ್ಲು, ಏನು ಉಂಡ್ಲು ಅನ್ನೂದನ್ನೂ ಬರಕೋಬೇಕು.”

“ಗಂಡಸರದ್ದೂ ಹಂಗ ಬರಕೋಬೇಕಾಗತೈತಿ,” ಎಂದ ತಮ್ಮ.